ಅಲುಗದೆ ಕುಳಿತರೆ ದೀಪವೇಕೆ ಆರುವುದು?

ಪ್ರಶ್ನೆ: ಮನೆಯಲ್ಲಿ ಸೆನ್ಸರ್ ದೀಪ ಹಾಕಿಸಿದ್ದೇವೆ. ಪುಸ್ತಕ ಹಿಡಿದು ಕುಳಿತರೆ ಸ್ವಲ್ಪ ಹೊತ್ತಿಗೆ ತಾನೇ ಆರಿಹೋಗುತ್ತದೆ. ಕಾರಣವೇನು?

ಉತ್ತರ: ಮನುಷ್ಯದೇಹವು ತನ್ನ ಉಷ್ಣದಿಂದ ಸುಮಾರು 10 ಮೈಕ್ರೋಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಸದಾ ಸೂಸುತ್ತಿರುವುದು. ಸೆನ್ಸರಿನ ಬಿಳಿಯ ಪ್ಲಾಸ್ಟಿಕ್ ಗುಮ್ಮಟವನ್ನು ಸಮೀಪದಿಂದ ನೋಡಿದರೆ ಜೇನುಗೂಡಿನ ಕೋಶಗಳಂತೆ ಗೋಚರಿಸುವ ಪುಟ್ಟ ಮಸೂರಗಳು, ಕೋಣೆಯನ್ನು ಹಲವು ಪಟ್ಟೆಗಳಾಗಿ ವಿಭಾಗಿಸಿ, ಪ್ರತಿಯೊಂದರಿಂದ ಬರುವ ಕಿರಣಗಳನ್ನು ಒಳಗಿನ ಎರಡು ಫಲಕಗಳ ಮೇಲೆ ಕೇಂದ್ರೀಕರಿಸುತ್ತವೆ. ಆ ಫಲಕಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿರುವುದರಿಂದ, ಎರಡರ ಮೇಲೂ ಸಮನಾಗಿ ಬೀಳುವ ಉಷ್ಣದ ಪರಿಣಾಮವು ರದ್ದಾಗಿ, ದೇಹವೊಂದು ಪಟ್ಟೆಯಿಂದ ಪಟ್ಟೆಗೆ ದಾಟಿದಾಗ ಮಾತ್ರ ವಿದ್ಯುತ್ಸಂಕೇತವು ಉದಯಿಸುವುದು. ಆದುದರಿಂದ ನಿಶ್ಚಲರಾಗಿ ಓದುತ್ತಿರುವವರು ಈ ಉಪಕರಣದ ಅರಿವಿಗೇ ಬರುವುದಿಲ್ಲ. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಗೋಡೆಯ ತಾಪವು ದೇಹತಾಪವನ್ನು ಸಮೀಪಿಸಿದಾಗಲಂತೂ ನಡೆದಾಡುವವರನ್ನು ಗುರುತಿಸುವುದೂ ಅದಕ್ಕೆ ಕಷ್ಟವಾಗುತ್ತದೆ.

ಮೆಟ್ಟಿಲಿಗೂ ಬಚ್ಚಲುಮನೆಯ ದಾರಿಗೂ ಈ ಬಗೆಯ ಸೆನ್ಸರೇ ಸಾಕು. ಜನರು ಅದರತ್ತ ನೇರವಾಗಿ ಬರುವಂತಿರದೆ, ಅದರೆದುರು ಅಡ್ಡಲಾಗಿ ಹಾಯುವಂತೆ ಪಕ್ಕದ ಗೋಡೆಗೆ ಹಾಕಿಸುವುದು ಲೇಸು. ಓದುವ ಕೋಣೆಗಾದರೋ, ಉಸಿರಾಟದಿಂದ ಎದೆಯಲ್ಲಾಗುವ ಸೂಕ್ಷ್ಮ ಏರಿಳಿತವನ್ನೂ ಗ್ರಹಿಸಬಲ್ಲ, 24 ಅಥವಾ 60 ಗಿಗಾಹರ್ಟ್ಸ್ ಆವರ್ತನದ ರಾಡಾರ್ ಸೆನ್ಸರೇ ಯೋಗ್ಯ. ಆದರೆ ತಿರುಗುವ ಫ್ಯಾನನ್ನೂ ಅದು ಮನುಷ್ಯನೆಂದೇ ಬಗೆಯಬಹುದಾದ್ದರಿಂದ, ಫ್ಯಾನಿಗೆ ಅಭಿಮುಖವಾಗಿ ಅದನ್ನು ಇಡಬೇಡಿ. ಸದ್ಯಕ್ಕೆ, ಈಗಿರುವ ಸೆನ್ಸರಿನಲ್ಲಿ, ಚಲನೆ ಕಾಣದಿದ್ದರೂ ದೀಪ ಉರಿಯುವ ಕಾಲಾವಧಿಯನ್ನು ಹೊಂದಿಸುವ ತಿರುಪು ಇದ್ದರೆ ಆ ಅವಧಿಯನ್ನು ಹೆಚ್ಚಿಸಿ ನೋಡಿರಿ.