ಇಂಜಿನ್ನಿನ ಉಸಿರು: ಕ್ಯಾಮ್ ಷಾಫ್ಟನ್ನು ಆರಿಸುವ ಬಗೆ

ಯಂತ್ರವೂ ಉಸಿರಾಡುತ್ತದೆಯೆಂದರೆ ಅದು ಬರಿಯ ಅಲಂಕಾರದ ಮಾತಲ್ಲ. ಪೆಟ್ರೋಲಿನ ಇಂಜಿನ್ನು ಗಾಳಿಯನ್ನೂ ಇಂಧನವನ್ನೂ ಒಳಗೆಳೆದುಕೊಳ್ಳುತ್ತದೆ, ಒತ್ತುತ್ತದೆ, ಉರಿಸುತ್ತದೆ, ಉಳಿದ ಹೊಗೆಯನ್ನು ಹೊರಗಟ್ಟುತ್ತದೆ. ಈ ಉಸಿರಾಟದ ಬಾಗಿಲುಗಳೇ ಕವಾಟಗಳು. ಅವು ಯಾವ ಕ್ಷಣದಲ್ಲಿ ತೆರೆಯಬೇಕು, ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ನಿರ್ಣಯಿಸುವುದು ಕ್ಯಾಮ್ ಷಾಫ್ಟು. ಅದು ಮೊಟ್ಟೆಯಾಕಾರದ ಉಬ್ಬುಗಳುಳ್ಳ ಒಂದು ದಂಡ. ಈ ಉಪಾಯ ಬಹು ಹಳೆಯದು. 1206ರಲ್ಲಿ ಅಲ್-ಜಜರಿ ಬರೆದು ಮುಗಿಸಿದ ಯಂತ್ರಗ್ರಂಥದಲ್ಲಿಯೇ ಇದರ ಪ್ರಯೋಗವುಂಟು.

ನಾವು ಇಲ್ಲಿ ವಿಚಾರ ಮಾಡಬೇಕಾದದ್ದು ಒಂದು ವಿಶೇಷ ಬಗೆಯ ವಾಹನದ ಕ್ಯಾಮನ್ನು. ಅಮೆರಿಕದ ಮಿಲ್ವಾಕಿ ನಗರದಲ್ಲಿ 1903ರಲ್ಲಿ ಆರಂಭವಾದ ಹಾರ್ಲೆ-ಡೇವಿಡ್ಸನ್ ಕಂಪನಿಯ ದೊಡ್ಡ ಮೋಟಾರು ಸೈಕಲ್ಲುಗಳಿಗೆ ಕ್ರೂಸರ್ ಎಂಬ ಹೆಸರು ಸಲ್ಲುತ್ತದೆ. ನೀಳವಾದ ಹೆದ್ದಾರಿಯಲ್ಲಿ ಆತುರವಿಲ್ಲದೆ ಸಾಗುವುದು ಅವುಗಳ ಸ್ವಭಾವ. ಎರಡು ಸಿಲಿಂಡರುಗಳು 45 ಡಿಗ್ರಿ ಕೋನದಲ್ಲಿ ಕವಲೊಡೆದು ನಿಂತಿರುತ್ತವೆ. ಎರಡರ ಪಿಸ್ಟನ್ನುಗಳೂ ಒಂದೇ ಕೀಲಿಗೆ ಸೇರಿವೆ. ಆದಕಾರಣ ಎರಡು ಸ್ಫೋಟಗಳ ನಡುವಣ ಅಂತರ ಒಮ್ಮೆ 315 ಡಿಗ್ರಿ, ಇನ್ನೊಮ್ಮೆ 405 ಡಿಗ್ರಿ. ಲಘುವಿನ ಬಳಿಕ ಗುರು ಬಂದಂತಿರುವ ಆ ಪ್ರಸಿದ್ಧ ನಾದಕ್ಕೆ ಮೂಲ ಈ ವಿಷಮ ಗಣವಿನ್ಯಾಸವೇ. 1999ರ ಮಾದರಿಗಳಲ್ಲಿ ಬಂದ ಇಂಜಿನ್ನಿಗೆ ಎರಡು ಕ್ಯಾಮ್ ಷಾಫ್ಟುಗಳಿದ್ದುದರಿಂದ ಅದನ್ನು ಟ್ವಿನ್ ಕ್ಯಾಮ್ ಎಂದು ಕರೆದರು. ಅದರ ಮೊದಲ ರೂಪದ ಗಾತ್ರ 88 ಘನ ಅಂಗುಲ, ಅಂದರೆ ಸುಮಾರು 1450 ಸಿಸಿ. ಕಾರ್ಖಾನೆಯ ಕ್ಯಾಮನ್ನು ತೆಗೆದು ಹೆಚ್ಚು ಬಲ ಕೊಡುವ ಬೇರೊಂದನ್ನು ಕೂಡಿಸುವ ಹವ್ಯಾಸ ಈ ಇಂಜಿನ್ನಿನ ಒಡೆಯರಲ್ಲಿ ಬೇರೂರಿದೆ. ಮಾರುವವರ ಪಟ್ಟಿಯಲ್ಲಿ ಹತ್ತಾರು ಬಗೆಗಳಿರುವಾಗ ಆರಿಸುವುದು ಹೇಗೆ?

ಮೊದಲು ಕಾಲದ ಲೆಕ್ಕವನ್ನು ನೋಡೋಣ. ನಾಲ್ಕು ಹೊಡೆತಗಳ ಒಂದು ಆವರ್ತಕ್ಕೆ ಇಂಜಿನ್ನಿನ ಮುಖ್ಯ ದಂಡ ಎರಡು ಸುತ್ತು, ಎಂದರೆ 720 ಡಿಗ್ರಿ ತಿರುಗುತ್ತದೆ. ಕ್ಯಾಮು ಅದರ ಅರ್ಧ ವೇಗದಲ್ಲಿ ಒಂದೇ ಸುತ್ತು ತಿರುಗುತ್ತದೆ. ಪಿಸ್ಟನ್ನು ತುತ್ತತುದಿಯನ್ನು ಮುಟ್ಟುವುದಕ್ಕೆ 10 ಡಿಗ್ರಿ ಮೊದಲೇ ಒಳಗವಾಟ ತೆರೆಯಿತೆನ್ನಿ; ಪಿಸ್ಟನ್ನು ತಳ ಮುಟ್ಟಿ ಹಿಂತಿರುಗಿ 30 ಡಿಗ್ರಿ ಕಳೆದ ಮೇಲೆ ಮುಚ್ಚಿತೆನ್ನಿ. 10, 180, 30 ಸೇರಿ ತೆರೆದಿದ್ದ ಅವಧಿ 220 ಡಿಗ್ರಿ.

ಪಿಸ್ಟನ್ನು ಮೇಲೇರತೊಡಗಿದ ಮೇಲೂ ಬಾಗಿಲು ತೆರೆದಿರುವುದೇಕೆ? ಗಾಳಿಗೂ ತೂಕವಿದೆ, ಓಟವಿದೆ. ಎಳೆಯುವವರು ಹಗ್ಗ ಸಡಿಲಿಸಿದ ಮೇಲೂ ತೇರು ನಾಲ್ಕು ಮಾರು ಮುಂದೆ ಸಾಗುವಂತೆ, ವೇಗವಾಗಿ ನುಗ್ಗುವ ಗಾಳಿ ಪಿಸ್ಟನ್ನಿನ ಎದುರೊತ್ತನ್ನೂ ಮೀರಿ ಒಳಸೇರುತ್ತದೆ. ಆದರೆ ಇಂಜಿನ್ನು ನಿಧಾನವಾಗಿ ತಿರುಗುವಾಗ ಗಾಳಿಗೆ ಆ ರಭಸವಿರುವುದಿಲ್ಲ. ಒಳಬಂದ ಗಾಳಿ ಬಂದ ದಾರಿಯಲ್ಲಿಯೇ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಒಳಗವಾಟ ಬೇಗ ಮುಚ್ಚುವ ಕ್ಯಾಮು ಮಂದಗತಿಯಲ್ಲಿ ಬಲಶಾಲಿ, ದ್ರುತಗತಿಯಲ್ಲಿ ಏದುಸಿರು ಬಿಡುವಂಥದು. ತಡವಾಗಿ ಮುಚ್ಚುವುದು ಇದಕ್ಕೆ ವಿಪರೀತ. ಕ್ಯಾಮಿನ ವಿವರಪತ್ರದಲ್ಲಿ ಮೊದಲು ಓದಬೇಕಾದ ಅಂಕಿ ಇದೇ.

ಜಾಹೀರಾತುಗಳು ಮಾತ್ರ ಬೇರೊಂದು ಅಂಕಿಯನ್ನು ಎತ್ತಿ ಹಿಡಿಯುತ್ತವೆ: ಪರಮಾವಧಿ ಅಶ್ವಶಕ್ತಿ. ಟಾರ್ಕ್ ಎಂಬ ತಿರುಚುಬಲವನ್ನು ಪೌಂಡು-ಅಡಿಯಲ್ಲಿ ಅಳೆದು, ನಿಮಿಷದ ಸುತ್ತುಗಳಿಂದ ಗುಣಿಸಿ, 5252ರಿಂದ ಭಾಗಿಸಿದರೆ ಅಶ್ವಶಕ್ತಿ ದೊರೆಯುತ್ತದೆ. ಆದ್ದರಿಂದ ಹೆಚ್ಚು ಸುತ್ತುಗಳಲ್ಲಿ ಉಸಿರಾಡುವ ಕ್ಯಾಮಿಗೆ ಕಾಗದದ ಮೇಲೆ ದೊಡ್ಡ ಅಂಕಿ ಸಹಜ. ಆದರೆ ಸವಾರನು ದಿನದ ಬಹುಭಾಗವನ್ನು ಕಳೆಯುವುದು ನಿಮಿಷಕ್ಕೆ 2000ದಿಂದ 3500 ಸುತ್ತುಗಳ ನಡುವೆ. ಅಲ್ಲಿ, 2500 ಸುತ್ತಿನಲ್ಲಿ, ಒಂದು ಕ್ಯಾಮು 85 ಪೌಂಡು-ಅಡಿ ಕೊಟ್ಟು ಇನ್ನೊಂದು 70 ಕೊಟ್ಟರೆ, ಮೊದಲನೆಯದರ ಶಕ್ತಿ ಸುಮಾರು 40, ಎರಡನೆಯದರದು ಸುಮಾರು 33. ದೂರಪ್ರಯಾಣದ ಎಲೆಕ್ಟ್ರಾ ಗ್ಲೈಡಿನಂಥ ವಾಹನ, ಹಿಂದೆ ಒಬ್ಬರು, ಮೇಲೆ ಸಾಮಾನು. ಇಷ್ಟನ್ನು ಹೊತ್ತು ಏರುದಾರಿಯಲ್ಲಿ ಲಾರಿಯೊಂದನ್ನು ದಾಟಬೇಕಾದಾಗ ಬೇಕಾದದ್ದು ಈ ಏಳು ಅಶ್ವಗಳೇ ಹೊರತು ಸವಾರನು ಎಂದೂ ಮುಟ್ಟದ 6000 ಸುತ್ತಿನ ವೈಭವವಲ್ಲ.

ಇನ್ನೊಂದು ಸಂಬಂಧವನ್ನು ಮರೆಯಲಾಗದು. ಕವಾಟ ಮುಚ್ಚಿದ ಮೇಲೆಯೇ ಒತ್ತಡ ನಿಜವಾಗಿ ಏರುವುದು. ತಡವಾಗಿ ಮುಚ್ಚುವ ಕ್ಯಾಮು ಆ ಒತ್ತಡವನ್ನು ಕಳೆಯುತ್ತದೆ. ಆದುದರಿಂದ ಅದಕ್ಕೆ ಹೆಚ್ಚಿನ ಸಂಪೀಡನದ ಇಂಜಿನ್ನು ಜತೆಗೂಡಬೇಕು. ಸಂಪೀಡನ ಮೊದಲೇ ಹೆಚ್ಚಿರುವಲ್ಲಿ ಬೇಗ ಮುಚ್ಚುವ ಕ್ಯಾಮನ್ನಿಟ್ಟರೆ ಬೇಸಗೆಯ ಬಿಸಿಯಲ್ಲಿ ಇಂಧನ ಅಕಾಲದಲ್ಲಿ ಸಿಡಿದು ಪಿಸ್ಟನ್ನಿಗೆ ಕೇಡು. ಹಾಗೆಯೇ ಒಳಗವಾಟ ಹೊರಗವಾಟಗಳೆರಡೂ ಕೂಡಿ ತೆರೆದಿರುವ ಸಂಧಿಕಾಲ ಹೆಚ್ಚಿದಷ್ಟೂ ನಿಂತಲ್ಲಿಯ ಓಟ ಕುಂಟುತ್ತದೆ. ಆ ಕುಂಟುನಾದವನ್ನೇ ಮೆಚ್ಚಿ ಹಣ ತೆರುವವರಿದ್ದಾರೆ. ಮೆಚ್ಚಲಿ, ಅದನ್ನು ಬಲವೆಂದು ಭ್ರಮಿಸದಿದ್ದರೆ ಸಾಕು.

ಕವಾಟ ಏಳುವ ಎತ್ತರದ ವಿಷಯದಲ್ಲಿ ಅಪಾಯ ಪ್ರತ್ಯಕ್ಷವಾದದ್ದು. ಅತಿಯಾಗಿ ಎದ್ದರೆ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿ ನಿಲ್ಲುತ್ತವೆ, ಇಲ್ಲವೆ ಕವಾಟವು ಪಿಸ್ಟನ್ನಿಗೆ ತಾಗುತ್ತದೆ. ಅಳೆಯದೆ ಕೂಡಿಸುವುದು ಸಲ್ಲದು. ವಿವರಪತ್ರಗಳನ್ನು ಹೋಲಿಸುವಾಗಲೂ ಅಳತೆಗೋಲು ಒಂದೇ ಇರಬೇಕು: ಹಾರ್ಲೆಯ ಕ್ಯಾಮುಗಳ ಅವಧಿಯನ್ನು ಸಾಮಾನ್ಯವಾಗಿ ಟ್ಯಾಪೆಟ್ಟು 0.053 ಅಂಗುಲ ಎದ್ದಲ್ಲಿಂದ ಎಣಿಸುತ್ತಾರೆ. ಅದಕ್ಕಿಂತ ಕಡಮೆಯಿಂದ ಎಣಿಸಿದರೆ ಅದೇ ಕ್ಯಾಮು ದೊಡ್ಡದಾಗಿ ಕಾಣುತ್ತದೆ.

ಹಳೆಯ ಟ್ವಿನ್ ಕ್ಯಾಮಿನ ಒಡೆಯನು ಇನ್ನೊಂದನ್ನು ಪರೀಕ್ಷಿಸತಕ್ಕದ್ದು. 2007ಕ್ಕೆ ಮುಂಚಿನ ಬಹುತೇಕ ಇಂಜಿನ್ನುಗಳಲ್ಲಿ ಕ್ಯಾಮಿನ ಸರಪಣಿಯನ್ನು ಬಿಗಿಹಿಡಿಯುವುದು ಸ್ಪ್ರಿಂಗು ಒತ್ತುವ ಪ್ಲಾಸ್ಟಿಕ್ಕಿನ ತುಂಡು. ಅದು ಸವೆದರೆ ಚೂರುಗಳು ಎಣ್ಣೆಯೊಡನೆ ಸೇರಿ ಇಂಜಿನ್ನಿಗೇ ಕುತ್ತು ತರುತ್ತವೆ. ಕ್ಯಾಮಿಗಾಗಿ ಮುಚ್ಚಳ ತೆಗೆದಾಗ ಅದನ್ನು ನೋಡದಿರುವುದು ದೊಡ್ಡ ಅವಿವೇಕ.

ಉಸಿರು ಬದಲಾದರೆ ಆಹಾರವೂ ಬದಲಾಗಬೇಕು. ಇಂಧನದ ಪ್ರಮಾಣವನ್ನು ಹೊಸದಾಗಿ ಹೊಂದಿಸಬೇಕು. ಇಲ್ಲಿ ಕಾನೂನೂ ಪ್ರವೇಶಿಸುತ್ತದೆ. ಹೊಗೆಯ ಮಿತಿಯನ್ನು ಮೀರಿಸುವ ಹೊಂದಾಣಿಕೆಯ ಸಾಧನಗಳನ್ನು ಮಾರಿದ ಆಪಾದನೆಯ ಇತ್ಯರ್ಥಕ್ಕಾಗಿ 2016ರಲ್ಲಿ ಹಾರ್ಲೆ-ಡೇವಿಡ್ಸನ್ ಕಂಪನಿಯೇ 1.2 ಕೋಟಿ ಡಾಲರು ದಂಡ ತೆರಲು ಒಪ್ಪಿತು. 2017ರ ಮಾದರಿಗಳಲ್ಲಿ ಬಂದ ಮಿಲ್ವಾಕಿ-ಎಯ್ಟ್ ಇಂಜಿನ್ನು ಮತ್ತೆ ಒಂದೇ ಕ್ಯಾಮಿಗೆ ಮರಳಿತು. ಸಿಲಿಂಡರಿಗೆ ನಾಲ್ಕು ಕವಾಟಗಳು. ತತ್ತ್ವ ಒಂದೇ ಆದರೂ ಎರಡು ಕವಾಟಗಳ ಇಂಜಿನ್ನಿನ ಅಂಕಿಗಳನ್ನು ಇದಕ್ಕೆ ಎರವಲು ತರಬಾರದು.

ಹೀಗೆ, ವಾಹನದ ಭಾರವೆಷ್ಟು, ಸವಾರನು ನಿತ್ಯ ಬಳಸುವ ವೇಗವಾವುದು, ಇಂಜಿನ್ನಿನ ಸಂಪೀಡನವೆಷ್ಟು, ಈ ಮೂರನ್ನೂ ತಿಳಿದ ಮೇಲೆ ನಾಲ್ಕನೆಯದಾಗಿ ಬರಬೇಕಾದದ್ದು ಕ್ಯಾಮಿನ ಹೆಸರು. ಹೆಸರನ್ನು ಮೊದಲು ಹಿಡಿದವನಿಗೆ ಉಳಿದ ಮೂರನ್ನು ದಾರಿಯೇ ಕಲಿಸುತ್ತದೆ. ಆ ಪಾಠಕ್ಕೆ ಶುಲ್ಕ ಹೆಚ್ಚು.