ಸುರಂಜನ್ ದಾಸ್ ರೋಡ್‌ಗೂ ಬ್ರಿಸ್ಟಲ್‌ಗೂ ಏನು ಸಂಬಂಧ?

ಬೈಯಪ್ಪನಹಳ್ಳಿ ಕಡೆಯಿಂದ ಹಳೇ ಏರ್‌ಪೋರ್ಟ್ ರೋಡ್‌ಗೆ ಹೋಗೋರಿಗೆ ಸುರಂಜನ್ ದಾಸ್ ರೋಡ್ ಗೊತ್ತು. ಟ್ರಾಫಿಕ್ಕಿಗೆ ಬೈಯೋಕಾದ್ರೂ ಆ ಹೆಸರು ಬಾಯಿಗೆ ಬಂದಿರುತ್ತೆ. ಆ ಹೆಸರಿನ ಹಿಂದೆ ಒಂದು ಎಂಜಿನ್ ಕಥೆ ಇದೆ. ನಾನು ಅದನ್ನ ಸ್ವಲ್ಪ ದೂರದಿಂದ ಶುರುಮಾಡ್ತೀನಿ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬ್ರೆಜಿಲ್ ಸ್ಟ್ರೇಕರ್ ಅಂತ ಒಂದು ಕಂಪನಿ ಇತ್ತು. ಬಸ್ಸು, ಕಾರು ಮಾಡ್ತಿದ್ದೋರು. ಮೊದಲ ಮಹಾಯುದ್ಧ ಬಂದಾಗ ವಿಮಾನದ ಎಂಜಿನ್ ರಿಪೇರಿಗೆ ಇಳಿದ್ರು. ಕೆಲಸ ಎಷ್ಟು ಅಚ್ಚುಕಟ್ಟು ಅಂದ್ರೆ, ಯಾರಿಗೂ ತನ್ನ ಎಂಜಿನ್ ಮಾಡೋಕೆ ಬಿಡದ ರೋಲ್ಸ್ ರಾಯ್ಸ್ ಇವರಿಗೆ ಮಾತ್ರ ಲೈಸೆನ್ಸ್ ಕೊಡ್ತು. ಅಲ್ಲಿನ ಮುಖ್ಯ ಎಂಜಿನಿಯರ್ ರಾಯ್ ಫೆಡನ್. ಯುದ್ಧ ಮುಗೀತು, ಆರ್ಡರ್ ನಿಂತವು, ಕಾಸ್ಮೋಸ್ ಅನ್ನೋ ಹೊಸ ಹೆಸರಲ್ಲಿದ್ದ ಆ ಘಟಕ ದಿವಾಳಿಯಾಯ್ತು. 1920ರಲ್ಲಿ ಬ್ರಿಸ್ಟಲ್ ಏರೋಪ್ಲೇನ್ ಕಂಪನಿ ಅದನ್ನ ಕೊಂಡ್ಕೊಂಡಿತು, ಫೆಡನ್ ತಂಡದ ಸಮೇತ. ಬ್ರಿಸ್ಟಲ್‌ನ ಎಂಜಿನ್ ವಿಭಾಗ ಹುಟ್ಟಿದ್ದು ಹೀಗೆ.

ಅದೇ ವಿಭಾಗದಲ್ಲಿ 1950ರ ದಶಕದಲ್ಲಿ ಸ್ಟ್ಯಾನ್ಲಿ ಹೂಕರ್ ನೇತೃತ್ವದಲ್ಲಿ 'ಆರ್ಫಿಯಸ್' ಜೆಟ್ ಎಂಜಿನ್ ತಯಾರಾಯ್ತು. ಕಂಪ್ರೆಸರ್, ಟರ್ಬೈನ್ ಎರಡೂ ಒಂದೇ ಶಾಫ್ಟ್ ಮೇಲೆ, ಭಾಗಗಳು ಕಮ್ಮಿ. ತನ್ನ ತೂಕದ ಐದು ಪಟ್ಟಿಗಿಂತ ಹೆಚ್ಚು ನೂಕುಬಲ. ಚಿಕ್ಕ ಯುದ್ಧವಿಮಾನಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಇದನ್ನ ಲೈಸೆನ್ಸ್ ಮೇಲೆ ತಯಾರಿಸೋಕಂತಲೇ 1957ರಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಎಂಜಿನ್ ವಿಭಾಗ ಶುರುವಾಯ್ತು. ಮೊದಲು ನ್ಯಾಟ್ ವಿಮಾನಕ್ಕೆ, ಆಮೇಲೆ ನಮ್ಮದೇ ಮಾರುತ್‌ಗೆ.

ಮಾರುತ್ ಕಥೆ ಮಾತ್ರ ಹೊಟ್ಟೆ ಉರಿಸುತ್ತೆ. ಜರ್ಮನಿಯ ಕುರ್ಟ್ ಟ್ಯಾಂಕ್ ತಂಡ ನಮ್ಮೋರ ಜೊತೆ ಸೇರಿ ವಿನ್ಯಾಸ ಮಾಡಿದ ಎಚ್‌ಎಫ್-24 ಇದು. ಶಬ್ದಕ್ಕಿಂತ ಎರಡು ಪಟ್ಟು ವೇಗದ ಗುರಿ. ಅದಕ್ಕೆ ಬೇಕಿದ್ದದ್ದು ಆರ್ಫಿಯಸ್-12 ಅನ್ನೋ ಹೆಚ್ಚು ಶಕ್ತಿಯ ಮಾದರಿ. ಅದರಲ್ಲಿ ಆಫ್ಟರ್‌ಬರ್ನರ್ ಇರುತ್ತೆ. ಅಂದ್ರೆ ಹೊರಹೋಗೋ ಬಿಸಿ ಗಾಳಿಗೆ ಇನ್ನಷ್ಟು ಇಂಧನ ಸುರಿದು ಮತ್ತೆ ಉರಿಸೋದು. ಬ್ರಿಟನ್ ಆ ಮಾದರಿ ಕೈಬಿಡ್ತು. ಅಭಿವೃದ್ಧಿಯ ಖರ್ಚು ಹೊರೋಕೆ ಭಾರತ ಸರ್ಕಾರ ಒಪ್ಪಲಿಲ್ಲ. ವಿಮಾನದ ಮೈಕಟ್ಟು ರೆಡಿ ಇತ್ತು, ಉಸಿರು ಸಾಲಲಿಲ್ಲ. ಹಣ ಉಳಿಸಿದ್ದು ದುಬಾರಿ ಆಯ್ತು ಅನ್ನೋದು ನನ್ನ ಅಭಿಪ್ರಾಯ.

ಕೊನೆಗೆ ಸಾಮಾನ್ಯ ಆರ್ಫಿಯಸ್-703 ಎರಡನ್ನ ಕೂರಿಸಿ, 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮಾರುತ್ ಹಾರಿಸಿದರು. ಹಾರಿಸಿದವರು ಸುರಂಜನ್ ದಾಸ್. ಮುಂದೆ ಎಚ್‌ಎಎಲ್‌ನಲ್ಲೇ ಆ ಎಂಜಿನ್‌ಗೆ ಆಫ್ಟರ್‌ಬರ್ನರ್ ಜೋಡಿಸಿ ಪ್ರಯೋಗ ನಡೀತು. ಅಂಥ ಮಾದರಿ ವಿಮಾನದ ಪರೀಕ್ಷೆಯಲ್ಲೇ, 1970ರ ಜನವರಿ 10ರಂದು, ಟೇಕಾಫ್ ಆದ ಸ್ವಲ್ಪ ಹೊತ್ತಿಗೆ ಅವರು ತೀರಿಕೊಂಡರು. ರಸ್ತೆಗೆ ಹೆಸರು ಬಂದದ್ದು ಅವರ ನೆನಪಿಗೆ.

ಮಾರುತ್ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಚೆನ್ನಾಗೇ ಕೆಲಸ ಮಾಡ್ತು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದು ನಿಂತಿದೆ, ನೋಡಿ.

ಆರ್ಫಿಯಸ್ ಸದ್ದು ನಿಮ್ಮಲ್ಲಿ ಕೆಲವರು ಕೇಳಿರ್ತೀರಿ. ಬೀದರಿನಿಂದ ಬಂದು 2011ರವರೆಗೆ ಯಲಹಂಕದಲ್ಲಿ ಪ್ರದರ್ಶನ ಕೊಡ್ತಿದ್ದ ಸೂರ್ಯಕಿರಣ್ ತಂಡದ ಕಿರಣ್ ಮಾರ್ಕ್-2 ವಿಮಾನಗಳಲ್ಲಿ ಇದ್ದದ್ದೂ ಅದೇ ಎಂಜಿನ್.