ಕುಳಿತಲ್ಲೇ ತಲೆಸುತ್ತು: ಸಿಮ್ಯುಲೇಟರ್ ಕಲಿಸಿದ ಪಾಠ

ಘಟ್ಟದ ತಿರುವುಗಳಲ್ಲಿ ಬಸ್ಸು ಸಾಗುವಾಗ ಪುಸ್ತಕ ಓದಿದರೆ ಹಲವರಿಗೆ ಹೊಟ್ಟೆ ತೊಳಸುತ್ತದೆ. ದೇಹ ಚಲಿಸುತ್ತಿರುತ್ತದೆ, ಕಣ್ಣು ಮಾತ್ರ ನಿಶ್ಚಲವಾದ ಪುಟವನ್ನು ನೋಡುತ್ತಿರುತ್ತದೆ. ಇದರ ವಿರುದ್ಧ ಸ್ಥಿತಿಯೂ ಉಂಟು. ದೇಹ ಕುರ್ಚಿಯಲ್ಲಿ ಸ್ಥಿರವಾಗಿದ್ದು, ಕಣ್ಣೆದುರಿನ ದೃಶ್ಯ ಮಾತ್ರ ಓಡುತ್ತಿದ್ದರೂ ವಾಕರಿಕೆ, ತಲೆಸುತ್ತು, ಕಣ್ಣಿನ ಆಯಾಸ ಕಾಣಿಸಿಕೊಳ್ಳಬಹುದು. ಇದೇ ಸಿಮ್ಯುಲೇಟರ್ ಅಸ್ವಸ್ಥತೆ.

ವಿಮಾನ ಹಾರಾಟವನ್ನು ನೆಲದ ಮೇಲೆಯೇ ಕಲಿಸುವ ಅನುಕರಣ ಯಂತ್ರವೇ ಸಿಮ್ಯುಲೇಟರ್. ಅಮೆರಿಕದ ಹೆಲಿಕಾಪ್ಟರ್ ಸಿಮ್ಯುಲೇಟರೊಂದರಲ್ಲಿ ಕಂಡುಬಂದ ಈ ತೊಂದರೆಯನ್ನು ಹ್ಯಾವ್ರನ್ ಮತ್ತು ಬಟ್ಲರ್ 1957ರಲ್ಲಿ ವರದಿ ಮಾಡಿದರು. ಅನಂತರ ಮಿಲ್ಲರ್ ಮತ್ತು ಗುಡ್ಸನ್ ನಡೆಸಿದ ಅಧ್ಯಯನದಲ್ಲಿ ಅನಿರೀಕ್ಷಿತ ಸಂಗತಿಯೊಂದು ಹೊರಬಿತ್ತು. ಕಲಿಯುವವರಲ್ಲಿ ಅಸ್ವಸ್ಥರಾದವರು ಶೇ. 12, ನುರಿತ ಬೋಧಕರಲ್ಲಿ ಶೇ. 60!

ಅನುಭವಿಗಳಿಗೇ ಹೆಚ್ಚು ತೊಂದರೆ ಏಕೆ? ನಮ್ಮ ಒಳಕಿವಿಯ ಅರೆವೃತ್ತ ನಾಳಗಳು ತಲೆಯ ತಿರುಗುವಿಕೆಯನ್ನು ಗ್ರಹಿಸಿ ಮಿದುಳಿಗೆ ತಿಳಿಸುತ್ತವೆ. ರೀಸನ್ ಮತ್ತು ಬ್ರ್ಯಾಂಡ್ 1975ರಲ್ಲಿ ವಿವರಿಸಿದ ಸಂವೇದನಾ ಸಂಘರ್ಷ ಸಿದ್ಧಾಂತದ ಪ್ರಕಾರ, ಮಿದುಳು ಕಣ್ಣು ಮತ್ತು ಒಳಕಿವಿಯ ಸೂಚನೆಗಳನ್ನು ಹಿಂದಿನ ಅನುಭವದೊಂದಿಗೆ ಹೋಲಿಸುತ್ತದೆ. ದೃಶ್ಯ ವಾಲಿದಾಗ ದೇಹವೂ ವಾಲಬೇಕೆಂಬ ನಿರೀಕ್ಷೆ ನುರಿತ ಚಾಲಕನಲ್ಲಿ ಬಲವಾಗಿ ಬೇರೂರಿರುತ್ತದೆ. ಅದು ಹುಸಿಯಾದಾಗ ಸಂಘರ್ಷವೂ ತೀವ್ರ. ಒಳಕಿವಿಯ ಈ ಅಂಗಗಳು ಪೂರ್ತಿ ನಿಷ್ಕ್ರಿಯವಾಗಿರುವವರಿಗೆ ಪ್ರಯಾಣದ ವಾಕರಿಕೆ ಬರುವುದಿಲ್ಲವೆಂಬುದು ಈ ವಾದಕ್ಕೆ ಪುಷ್ಟಿ ನೀಡುತ್ತದೆ. ದೇಹದ ಸಮತೋಲ ಕೆಡುವುದೇ ಮೂಲ ಕಾರಣವೆಂದು 1991ರಲ್ಲಿ ರಿಚಿಯೊ ಮತ್ತು ಸ್ಟಾಫ್ರೆಗನ್ ಬೇರೊಂದು ವಾದವನ್ನು ಮಂಡಿಸಿದರು.

ತೊಂದರೆ ಕೇವಲ ವಾಕರಿಕೆಗೆ ಮುಗಿಯುವುದಿಲ್ಲ. ತಲೆಸುತ್ತು ತಪ್ಪಿಸಿಕೊಳ್ಳಲು ಕಲಿಯುವವನು ತಲೆಯನ್ನು ಅತ್ತಿತ್ತ ತಿರುಗಿಸದೆ ಕೂರುವುದನ್ನು ರೂಢಿಸಿಕೊಳ್ಳಬಹುದು. ಸುತ್ತಲೂ ನೋಡುತ್ತಿರಲೇಬೇಕಾದ ನಿಜವಾದ ಹಾರಾಟದಲ್ಲಿ ಈ ರೂಢಿ ಅಪಾಯಕಾರಿ. ಕೆಲವರಲ್ಲಿ ಓಲಾಟ ಹಲವು ಗಂಟೆ ಉಳಿಯುವುದೂ ಉಂಟು.

ತಲೆಗೆ ಧರಿಸುವ ವರ್ಚುವಲ್ ರಿಯಾಲಿಟಿ ಸಾಧನಗಳು ಈಗ ತರಗತಿಗೂ ಬರುತ್ತಿವೆ. ಇವುಗಳಲ್ಲಿ ಎರಡು ಸಮಸ್ಯೆಗಳನ್ನು ಗಮನಿಸಬೇಕು. ತಲೆ ತಿರುಗಿಸಿದ ಮೇಲೆ ದೃಶ್ಯ ತಡವಾಗಿ ಬದಲಾದರೆ ಸಂಘರ್ಷ ಹೆಚ್ಚುತ್ತದೆ. ಆದ್ದರಿಂದ ಈ ವಿಳಂಬವನ್ನು ಸುಮಾರು 20 ಮಿಲಿಸೆಕೆಂಡಿನೊಳಗೆ ಇರಿಸಲು ತಂತ್ರಜ್ಞರು ಯತ್ನಿಸುತ್ತಾರೆ. ಇನ್ನೊಂದು, ವಸ್ತು ಹತ್ತಿರ ಬಂದಂತೆ ತೋರಿದಾಗ ಎರಡೂ ಕಣ್ಣುಗಳು ಒಳಮುಖವಾಗಿ ತಿರುಗುತ್ತವೆ, ಆದರೆ ಕಣ್ಣಿನ ಮಸೂರ ಪರದೆಯ ಸ್ಥಿರ ದೂರಕ್ಕೇ ಹೊಂದಿಕೊಂಡಿರಬೇಕಾಗುತ್ತದೆ. ಕಣ್ಣಿನ ಆಯಾಸಕ್ಕೆ ಇದೊಂದು ಕಾರಣ.

ಅಸ್ವಸ್ಥತೆಯನ್ನು ಅಳೆಯಲು ಕೆನಡಿ ಮತ್ತು ಸಂಗಡಿಗರು 1993ರಲ್ಲಿ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅದರಲ್ಲಿರುವ 16 ಲಕ್ಷಣಗಳಿಗೆ, ತೀವ್ರತೆಗೆ ತಕ್ಕಂತೆ, 0ಯಿಂದ 3ರವರೆಗೆ ಅಂಕ. ಶಿಕ್ಷಕರು ಇದೇ ಕ್ರಮವನ್ನು ಸರಳಗೊಳಿಸಿ ಬಳಸಬಹುದು. ಸಾಧನ ಧರಿಸುವ ಮೊದಲು ಮತ್ತು ತೆಗೆದ ನಂತರ ವಾಕರಿಕೆ, ತಲೆಸುತ್ತು, ಕಣ್ಣಿನ ಆಯಾಸಗಳಿಗೆ ವಿದ್ಯಾರ್ಥಿಯೇ ಅಂಕ ಬರೆಯಲಿ. ಕುಳಿತೇ ನೋಡಲಿ, ಮೊದಲು ಕೆಲವೇ ನಿಮಿಷ ಸಾಕು. ತೊಂದರೆ ಎಂದ ಕೂಡಲೇ ಸಾಧನ ತೆಗೆಸಿ. 'ಸ್ವಲ್ಪ ತಡೆದುಕೋ' ಎನ್ನಬೇಡಿ. ತಲೆ ಸುತ್ತುತ್ತಿರುವಾಗ ಸೈಕಲ್ ಏರಲು ಬಿಡಬೇಡಿ.